ಎತ್ತಿಲ್ಲದ ನೊಗ

ಇದರಲ್ಲಿ ಕೆಲವು ಸಂಗತಿ ತಪ್ಪಿರಬಹುದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಂವತ್ಸರ ಚಿತ್ರಭಾನುವೋ ಸ್ವಭಾನುವೋ ನನಗೆ ಖಚಿತವಿಲ್ಲ. ಯುದ್ಧ ನಡೆಯುತ್ತಿತ್ತು, ಪೆಟ್ರೋಲು ಸಿಗುತ್ತಿರಲಿಲ್ಲ, ನನಗೆ ಹನ್ನೊಂದು ತುಂಬಿತ್ತು, ಇಲ್ಲವೇ ಹನ್ನೆರಡು. ನಾನು ದಿನಚರಿ ಬರೆಯತೊಡಗಿದ್ದು ಮೈಸೂರಿನಲ್ಲಿ ಬಿ.ಎ. ಓದುವಾಗ, ಅಂದರೆ ಆ ಮಳೆಗಾಲ ಕಳೆದು ಏಳೆಂಟು ವರ್ಷಗಳಾದ ಮೇಲೆ. ಅಲ್ಲಿಂದೀಚೆಗೆ ಹೊಳೆ ದಾಟುವ ನಮ್ಮ ದೋಣಿಗಂಡಿಯ ಸಂಗತಿಯನ್ನು ಮೂರು ಪುಸ್ತಕಗಳಲ್ಲಿ ಮೂರು ಸಲ ಬರೆದಿದ್ದೇನೆ. ಮೂರೂ ಒಂದರಂತೆ ಒಂದಿಲ್ಲ. ಒಂದರಲ್ಲಿ ನೊಗ ಗೌರತ್ತೆಯ ತಲೆಯ ಮೇಲಿದೆ. ಇನ್ನೊಂದರಲ್ಲಿ ಹೆಗಲ ಮೇಲಿದೆ. ಮತ್ತೊಂದರಲ್ಲಿ ಅದರ ಹಿಂದಿನ ತುದಿಗೆ ನಾನು ಹೆಗಲು ಕೊಟ್ಟಿದ್ದೇನೆ. ಆ ಒಂದು ಸಾಲನ್ನು ಮಾತ್ರ ನಾನು ಈಚೆಗೆ ನಂಬದಾಗಿದ್ದೇನೆ.

ಹೋದ ತಿಂಗಳು ತಮ್ಮನ ಕಾರಿನಲ್ಲಿ ಶೃಂಗೇರಿಗೆ ಹೋಗಿದ್ದೆ. ಬಸ್ಸು ಕಾರುಗಳು ತುಂಬಿದ್ದ ಬಯಲಿನಲ್ಲಿ ಒಬ್ಬ ಸೀಟಿ ಊದುತ್ತ ನಮ್ಮನ್ನು ಹಿಂದೆ, ಇನ್ನೂ ಹಿಂದೆ ಎಂದು ಕಳಿಸಿದ. ಮುಂದಿನ ಸಾಲಿನಲ್ಲಿ ಜಾಗ ಖಾಲಿಯಿತ್ತು.

"ಅದು ಬೇರೆಯವ್ರಿಗೆ," ಎಂದ.

"ಯಾರಿಗೆ?"

"ಬರ್ತಾರೆ."

ತಮ್ಮ ಕಾರನ್ನು ಕಟ್ಟಕಡೆಯ ಮೂಲೆಗೆ ಒಯ್ದ. ಅಲ್ಲೊಂದು ಸೌದೆಯ ಎತ್ತಿನ ಗಾಡಿ ನಿಂತಿತ್ತು. ಬಾಗಿಲು ತೆಗೆದು ಕಾಲು ಕೆಳಗಿಟ್ಟದ್ದೇ ಅದರ ಅಚ್ಚಿಗೆ ಸವರಿದ ಕೀಲೆಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಹರಳೆಣ್ಣೆ, ಸುಟ್ಟ ಹುಲ್ಲಿನ ಕರಿ, ಹಳೆಯ ಮರ. ಆಮೇಲೆ ನಾನು ಮಾಡಿದ್ದನ್ನು ನನ್ನ ವಯಸ್ಸಿನವರು ಮಾಡಬಾರದು. ನೇರವಾಗಿ ನಡೆದುಹೋಗಿ ಮುಂದಿನ ಸಾಲಿನ ಆ ಖಾಲಿ ಜಾಗದ ನಡುವೆ ನಿಂತೆ.

"ಅಮ್ಮಾ, ಇಲ್ಲಿ ನಿಲ್ಸಂಗಿಲ್ಲ."

"ನಾನು ಏನನ್ನೂ ನಿಲ್ಸಿಲ್ಲಪ್ಪ. ನಾನು ನಿಂತಿದೀನಿ."

ಅವನು ಸೀಟಿ ಊದಿದ. ನಾನು ಅಲ್ಲಾಡಲಿಲ್ಲ. ಬರಬೇಕಾಗಿದ್ದ ದೊಡ್ಡ ಕಾರು ಬಂದು, ಗುರುಗುಟ್ಟಿ, ಪಕ್ಕಕ್ಕೆ ಹೋಗಿ ನಿಂತಿತು. ಇಷ್ಟೂ ಹೊತ್ತು ನನ್ನ ತಮ್ಮ ಇಪ್ಪತ್ತು ಮಾರು ದೂರದಲ್ಲಿ ನಿಂತು, ನನಗೂ ಅವನಿಗೂ ಸಂಬಂಧವೇ ಇಲ್ಲವೆಂಬಂತೆ ಎದುರಿನ ಗುಡ್ಡ ನೋಡುತ್ತಿದ್ದ. ಆ ನಿಲುವನ್ನು ನಾನು ಎಲ್ಲೋ ನೋಡಿದ್ದೆ.

ನಮ್ಮೂರು ತುಂಗೆಯ ಪಡುವಣ ದಡದ ಕಡೆಗಿತ್ತು. ಬೇಗಾರಿನ ಕಡೆಯಿಂದ ಬರುವ ಗಾಡಿದಾರಿ ನದಿಗೆ ಬಂದು ಮುಗಿಯುವ ಜಾಗಕ್ಕೆ ಮನೆಯಿಂದ ಎರಡು ಮೈಲಿ. ಅದೇ ದೋಣಿಗಂಡಿ. ಆಚೆ ದಡದಲ್ಲಿ ಕೊಪ್ಪದ ಕಡೆಯ ರಸ್ತೆ, ಬಸ್ಸು, ಅಂಗಡಿ, ಔಷಧಿ, ನನ್ನ ಮಿಡ್ಲ್ ಸ್ಕೂಲು ಎಲ್ಲ ಇದ್ದವು. ನಡುವೆ ಹತ್ತು ಹನ್ನೆರಡು ಜನ ಹಿಡಿಯುವ ಒಂದೇ ದೋಣಿ. ಗಾಡಿಯನ್ನು ದಾಟಿಸುವಷ್ಟು ದೊಡ್ಡ ದೋಣಿ ನಮ್ಮಲ್ಲಿರಲಿಲ್ಲ. ಹಾಗಾಗಿ ಎಲ್ಲರೂ ಗಾಡಿಗಳನ್ನು ದಡದ ಮೇಲಿನ ಬಯಲಿನಲ್ಲಿ ಬಿಟ್ಟು, ಕೆಮ್ಮಣ್ಣಿನಲ್ಲಿ ಕಡಿದ ಮೆಟ್ಟಿಲು ಇಳಿದು ದೋಣಿಗೆ ಹೋಗಬೇಕು. ಮಳೆಗಾಲದಲ್ಲಿ ಅವು ಮೆಟ್ಟಿಲಾಗಿ ಉಳಿಯುತ್ತಿರಲಿಲ್ಲ. ಅಡಿಕೆ ಮರದ ದಬ್ಬೆ ಅಡ್ಡ ಹಾಕಿದ್ದರು, ಅದರ ಮೇಲೆ ಜಾರದೆ ಇಳಿದವರಿಲ್ಲ. ಮೆಟ್ಟಿಲ ತಲೆಯಲ್ಲೊಂದು ಹಲಸಿನ ಮರ. ಅದರ ಬುಡದ ಗಟ್ಟಿ ನೆಲ ಕಮಾನು ಗಾಡಿಯವರದು. ಅವರು ಚಾಪೆಯ ಕಮಾನಿನ ಕೆಳಗೆ ಬೆಚ್ಚಗೆ ಕೂತು ಕಾಯುತ್ತಿದ್ದರು. ಉಳಿದ ಗಾಡಿಗಳು ಹಿಂದಿನ ಕೆಸರಿನಲ್ಲಿ. ನಡೆದು ಬಂದವರು ಅದಕ್ಕೂ ಹಿಂದೆ, ಬೇಲಿಯ ಪಕ್ಕ.

ಯಾರಿಗೆ ಮೊದಲು ದೋಣಿ ಎನ್ನುವುದಕ್ಕೆ ಒಂದು ಕಟ್ಟಳೆಯಿತ್ತು. ಬಯಲಿಗೆ ಬಂದ ಗಾಡಿ ಎತ್ತುಗಳನ್ನು ಬಿಚ್ಚಿ ನೊಗ ಇಳಿಸುತ್ತದಲ್ಲ, ಯಾವ ನೊಗ ಮೊದಲು ನೆಲ ಮುಟ್ಟಿತೋ ಆ ಗಾಡಿಯವರಿಗೆ ಮೊದಲ ಸರದಿ. ಹಿಂದೊಮ್ಮೆ ಎರಡು ಮನೆಯವರು ದೋಣಿಯಲ್ಲೇ ಬಡಿದಾಡಿಕೊಂಡ ಮೇಲೆ ಹಿರಿಯರು ಕೂತು ಮಾಡಿದ ಕಟ್ಟಳೆಯಂತೆ. ದೋಣಿಯ ದುಗ್ಗ ಪ್ರತಿ ಸಲವೂ ಮೇಲೆ ಬಂದು, ಸರದಿ ಬಂದ ನೊಗಕ್ಕೆ ತನ್ನ ಹುಟ್ಟಿನ ಒದ್ದೆ ತುದಿಯನ್ನು ತಾಗಿಸುತ್ತಿದ್ದ. ಬಾಯಿಬಿಟ್ಟು ಕರೆಯುತ್ತಿರಲಿಲ್ಲ. ಹುಟ್ಟು ತಾಗಿದ ಗಾಡಿಯವರು ಎದ್ದು ಇಳಿಯುತ್ತಿದ್ದರು. ನೊಗವಿಲ್ಲದವರಿಗೆ, ಅಂದರೆ ನಡೆದು ಬಂದವರಿಗೆ, ಸರದಿಯೇ ಇರಲಿಲ್ಲ. ಗಾಡಿಯವರೆಲ್ಲ ದಾಟಿದ ಮೇಲೆ ಉಳಿದ ದೋಣಿ ಅವರದು. ಬೆಳಕು ಹರಿಯುವಾಗಲೇ ಬಂದು ನಿಂತಿದ್ದರೂ ಅಷ್ಟೆ.

ಇದು ಅನ್ಯಾಯವೆಂದು ನನಗೆ ಅದುವರೆಗೆ ಅನ್ನಿಸಿರಲಿಲ್ಲ. ಏಕೆಂದರೆ ಅದುವರೆಗೆ ನಮಗೂ ಗಾಡಿಯಿತ್ತು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ.

ಆ ಬೇಸಿಗೆಯಲ್ಲಿ ದನಗಳಿಗೆ ದೊಡ್ಡರೋಗ ಬಂದು ನಮ್ಮ ಜೋಡೆತ್ತು ಒಂದೇ ವಾರದಲ್ಲಿ ಹೋದವು. ಗಾಡಿ ಕೊಟ್ಟಿಗೆಯಲ್ಲಿ ಉಳಿಯಿತು. ನಾನು ನಡೆದು ಹೋಗತೊಡಗಿದೆ. ಅದೇ ವರ್ಷ ಆಚೆ ದಡದ ಬಸ್ಸುಗಳೆಲ್ಲ ಪೆಟ್ರೋಲಿಲ್ಲದೆ ನಿಂತು, ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿಕೊಂಡ ಒಂದೇ ಒಂದು ಇದ್ದಿಲ ಬಸ್ಸು ಉಳಿಯಿತು. ಕಂಡಕ್ಟರು ಅರ್ಧ ಗಂಟೆ ತಿದಿ ತಿರುಗಿಸಿದರೆ ಅದಕ್ಕೆ ಜೀವ ಬರುತ್ತಿತ್ತು. ಬೆಂಕಿ ಹಿಡಿದ ಮೇಲೆ ಯಾರಿಗೂ ಕಾಯುತ್ತಿರಲಿಲ್ಲ. ದಿನಕ್ಕೊಂದೇ ಬಸ್ಸು, ಅದೂ ಬೆಳಿಗ್ಗೆ. ಹಾಗಾಗಿ ಸುತ್ತಿನ ಊರುಗಳ ಗಾಡಿಗಳೆಲ್ಲ ಬೆಳಿಗ್ಗೆಯೇ ಬಂದು ಬಯಲಿನಲ್ಲಿ ನೊಗ ಇಳಿಸಲು ಓಡುತ್ತಿದ್ದವು. ಹೊಳೆ ತುಂಬಿದ ಮೇಲಂತೂ ದೋಣಿಯನ್ನು ದಡದುದ್ದಕ್ಕೂ ಮೇಲಕ್ಕೆಳೆದು ಆಮೇಲೆ ಸೆಳವಿಗೆ ಬಿಡಬೇಕು. ಒಂದು ಸಲ ಹೋಗಿ ಬರಲು ಅರ್ಧ ಗಂಟೆ. ನನಗೆ ನಾಲ್ಕನೆಯ ದೋಣಿ ಸಿಕ್ಕರೆ ಪುಣ್ಯ. ಶಾಲೆ ಮುಟ್ಟುವಾಗ ಮೊದಲನೆಯ ಪೀರಿಯಡ್ಡು ಮುಗಿದಿರುತ್ತಿತ್ತು.

ಹೆಡ್ಮಾಸ್ಟರು ಬಯಲುಸೀಮೆಯವರು. ಮೂರು ವಾರ ಸಹಿಸಿದರು. ಒಂದು ದಿನ ಹಾಜರಿ ಪುಸ್ತಕ ತೆರೆದು ನನ್ನ ಹೆಸರಿನ ಮೇಲೆ ಬೆರಳಿಟ್ಟರು.

"ಇನ್ನು ಮೂರು ಸಲ ನೋಡ್ತೀನಮ್ಮ. ಮೂರನೇ ಸಲ ತಡವಾಗಿ ಬಂದ ದಿನ ಹೆಸರು ಹೊಡೆದು ಹಾಕ್ತೀನಿ. ಗಂಡುಹುಡುಗರೂ ಹೊಳೆ ದಾಟಿ ಬರ್ತಾರಲ್ಲ?"

ಆ ಗಂಡುಹುಡುಗರು ಗಾಡಿಯಲ್ಲಿ ಬರುವವರು ಎಂದು ನಾನು ಹೇಳಲಿಲ್ಲ.

ಮನೆಯಲ್ಲಿ ಹೇಳಿದೆ. ಆಗ ಅಮ್ಮ ಬಾಣಂತಿ. ಈಗ ಕಾರು ತಂದು ಗುಡ್ಡ ನೋಡಿದನಲ್ಲ ನನ್ನ ತಮ್ಮ, ಅವನು ತೊಟ್ಟಿಲಲ್ಲಿದ್ದ. ಬಾಣಂತನಕ್ಕೆಂದು ಅಪ್ಪಯ್ಯನ ತಂಗಿ ಗೌರತ್ತೆ ನರಸಿಂಹರಾಜಪುರದಿಂದ ಬಂದಿದ್ದಳು. ಆಗಿನ್ನೂ ಹಳಬರು ಆ ಊರನ್ನು ಎಡೇಹಳ್ಳಿ ಎಂದೇ ಕರೆಯುತ್ತಿದ್ದರು. ಅವಳ ಗಂಡ ಅಲ್ಲಿ ಒಂದು ಮರದ ಡಿಪೋದಲ್ಲಿ ರೈಟರು. ಡಿಪೋದ ಎದುರಿಗೇ ಮನೆ. ದಿಮ್ಮಿ ಹೇರಿದ ಗಾಡಿಗಳ ಸಾಲು, ಗಾಡಿಯವರ ಜಗಳ, ಬೈಗುಳ ಎಲ್ಲ ಕೇಳಿ ಕೇಳಿ ಅವಳಿಗೆ ಗಂಡಸರ ಗದ್ದಲವೆಂದರೆ ಕಾಗೆ ಕೂಗಿದಷ್ಟೇ ಆಗಿತ್ತು.

ಅಪ್ಪಯ್ಯ ಹೇಳಿದರು: "ನಾಲ್ಕಕ್ಷರ ಬಂತಲ್ಲ, ಸಾಕು. ಮನೇಲೇ ಇರ್ಲಿ. ಮಳೆಗಾಲ ಮುಗೀಲಿ, ಆಮೇಲೆ ನೋಡಾಣ."

"ಮಳೆಗಾಲ ಮುಗಿಯ ಹೊತ್ತಿಗೆ ಅಲ್ಲಿ ಕೂಸಿನ ಹೆಸರೇ ಇರ್ತಿಲ್ಲೆ," ಎಂದಳು ಗೌರತ್ತೆ, ನನ್ನ ಕಡೆ ಕೈ ಮಾಡಿ. "ಆಮೇಲೆ ಎಂತ ನೋಡ್ತೆ ಅಣ್ಣಯ್ಯ?"

"ಹಂಗಾರೆ ಎತ್ತು ನೀನು ತಂದುಕೊಡು."

ಅಪ್ಪಯ್ಯ ಸಿಟ್ಟಿನಿಂದ ಹೇಳಿದ್ದಲ್ಲ, ಸೋತು ಹೇಳಿದ್ದು. ಅದು ನನಗೆ ಈಗ ಗೊತ್ತಾಗುತ್ತದೆ. ಗೌರತ್ತೆ ನನ್ನನ್ನು ಹಿತ್ತಿಲಿಗೆ ಕರೆದು, ದೋಣಿಗಂಡಿಯಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಸರದಿ ಹೇಗೆ ಎಂದು ಕೇಳಿದಳು. ನಾನು ನೊಗದ ಕಟ್ಟಳೆ ಹೇಳಿದೆ. ಎರಡು ಸಲ ಹೇಳಿಸಿದಳು.

"ನೆಲ ಮುಟ್ಟಕ್ಕಾದ್ದು ಗಾಡಿಯಾ, ನೊಗವಾ?"

"ನೊಗ."

"ಸರಿ. ನಾಳೆ ನಾನೂ ಬತ್ತೆ."

ಮಾರನೆಯ ಬೆಳಿಗ್ಗೆ ಅಮ್ಮನಿಗೂ ಮಗುವಿಗೂ ನೀರು ಹಾಕಿ ಮುಗಿಸಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೊಟ್ಟಿಗೆಗೆ ಹೋಗಿ ಗಾಡಿಯ ಮೂಕಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ನೊಗ ತೆಗೆದಳು. ನನಗಿಂತ ಉದ್ದದ ಮರ. ಮಧ್ಯದ ಆಚೆ ಈಚೆ ಎತ್ತಿನ ಕುತ್ತಿಗೆ ಉಜ್ಜಿ ಉಜ್ಜಿ ಎರಡು ಕಡೆ ಹೊಳೆಯುತ್ತಿತ್ತು. ಅಪ್ಪಯ್ಯ ಜಗಲಿಯಲ್ಲಿ ನಿಂತು, "ಗೌರೀ, ನಗೆಪಾಟ್ಲು ಮಾಡ್ಕಳ್ಬೇಡ" ಎಂದರು. "ಈಗ ಆಗಿರೂದು ಎಂತದು ಮತ್ತೆ?" ಎಂದು ಇವಳು ನಡೆದೇಬಿಟ್ಟಳು.

ಆ ಎರಡು ಮೈಲಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಯಲಿಗೆ ಬಂದಾಗ ಎರಡೇ ಗಾಡಿ ನೊಗ ಇಳಿಸಿದ್ದವು. ಮೂರನೆಯ ಗಾಡಿ ತಿರುವಿನಲ್ಲಿ ಕಾಣುತ್ತಿತ್ತು. ಗೌರತ್ತೆ ಹಲಸಿನ ಮರದ ಬುಡಕ್ಕೆ ಹೋಗಿ, ಕಮಾನು ಗಾಡಿಗಳ ಪಕ್ಕದ ಗಟ್ಟಿ ನೆಲದ ಮೇಲೆ ನೊಗವನ್ನು ಮಲಗಿಸಿದಳು. ಮೆಲ್ಲಗೆ ಅಲ್ಲ. ಅದು ಬಿದ್ದ ಸದ್ದಿಗೆ ಕಮಾನಿನೊಳಗಿಂದ ಮುಖಗಳು ಹೊರಬಂದವು.

ದೋಣಿಗಂಡಿಯನ್ನು ಆ ವರ್ಷ ಗುತ್ತಿಗೆ ಹಿಡಿದವರು ತಿಮ್ಮಪ್ಪಯ್ಯ. ಬಿಳಿ ಕೋಟು, ಬರಿಗಾಲು, ಬಿಚ್ಚಿದ ಕೊಡೆ. ಕಟ್ಟಳೆ ಕಾಯುವುದು ತನ್ನ ಕೆಲಸವೆಂದು ನಂಬಿದ್ದ ಮನುಷ್ಯ. ಕೆಟ್ಟವರೆಂದು ನಾನು ಬರೆಯಲಾರೆ. ಮೆಟ್ಟಿಲ ತಲೆಯ ಕಲ್ಲಿನಿಂದ ಎದ್ದು ಬಂದರು.

"ಎಂತಮ್ಮ ಇದು?"

"ನೊಗ."

"ನೊಗ ಅಂತ ನಂಗೂ ಕಾಣ್ತದೆ. ಗಾಡಿ ಎಲ್ಲಿ?"

"ಮನೇಲಿ."

"ಎತ್ತು?"

"ಗುಂಡೀಲಿ. ದೊಡ್ಡರೋಗ ಬಂದು ಹೋದ್ವಲ್ಲ, ನೀವೇ ಅಣ್ಣಯ್ಯನ್ನ ಮಾತಾಡ್ಸೋಕೆ ಬಂದಿದ್ರಿ. ಕಾಫಿ ಕುಡಿದು ಹೋದ್ರಿ."

ಗಾಡಿಯವರು ನಕ್ಕರು. ಒಬ್ಬ ಕೂಗಿದ: "ಮಾರಾಯ್ರೇ, ನಾಳೆ ಚಕ್ರ ಉರುಳಿಸ್ಕೊಂಡು ಬರ್ತಾರೆ, ನೋಡ್ತಾ ಇರಿ!"

"ಬತ್ತೀನಿ ಕಣೋ," ಎಂದಳು ಅತ್ತೆ, ತಿರುಗಿಯೂ ನೋಡದೆ. "ನೀನು ಹಿಂದಿಂದ ನೂಕು. ಸುಮ್ನೆ ಕೂತು ಬೆಳೆದ ಮೈ, ಸ್ವಲ್ಪ ಇಳೀಲಿ."

ತಿಮ್ಮಪ್ಪಯ್ಯ ನಗಲಿಲ್ಲ. "ಎತ್ತಿಲ್ದ ನೊಗಕ್ಕೆ ಸರದಿ ಇಲ್ಲಮ್ಮ."

"ಇಲ್ಲಿ ಬಿದ್ದಿರೋ ನೊಗದಲ್ಲಿ ಯಾವುದಕ್ಕೆ ಎತ್ತಿದೆ, ತೋರ್ಸಿ. ಎಲ್ಲಾ ಆ ಬೇಲಿ ಹತ್ರ ಮೇಯ್ತಾ ಇದಾವೆ."

"ಗಾಡಿ ಇಲ್ದೆ ನೊಗ ಅಂತ ಎಲ್ಲಾದ್ರೂ ಉಂಟಾ?"

"ಗಾಡಿ ದೋಣಿ ಹತ್ತತ್ತಾ? ಇಲ್ಲ. ಎತ್ತು ಹತ್ತತ್ತಾ? ಅದೂ ಇಲ್ಲ. ನೊಗಾನೂ ಇಲ್ಲೇ ಬಿದ್ದಿರ್ತದೆ. ಹತ್ತೋದು ಮನುಷ್ರು. ನಮ್ಮ ಮನೆ ಮನುಷ್ರು ಇಲ್ಲಿದಾರೆ, ನೋಡಿ."

ಎಂದು ಕೈ ತೋರಿಸಿದಳು. ನನ್ನನ್ನು ತೋರಿಸಿದಳು. ಆ ಕೈ ಎಷ್ಟು ದೂರಕ್ಕೆ ಚಾಚಿತ್ತು ಎನ್ನುವುದು ನನ್ನ ಇವತ್ತಿನ ತಕರಾರು. ಅದಕ್ಕೂ ಬರುತ್ತೇನೆ.

ದುಗ್ಗ ಮೆಟ್ಟಿಲು ಹತ್ತಿ ಬಂದು ಇದನ್ನೆಲ್ಲ ಕೇಳುತ್ತ ನಿಂತಿದ್ದ. ಮೊದಲನೆಯ ನೊಗಕ್ಕೆ ಹುಟ್ಟು ತಾಗಿಸಿದ. ಅವರು ಇಳಿದರು. ದಾಟಿಸಿ ಬಂದ. ಎರಡನೆಯದಕ್ಕೆ ತಾಗಿಸಿದ. ಅದು ಗಂಡಹೆಂಡಿರಿಬ್ಬರದೇ ಗಾಡಿ, ದೋಣಿಯಲ್ಲಿ ಇನ್ನೂ ಜಾಗವಿತ್ತು. ಮಳೆ ಸುರಿಯುತ್ತಿತ್ತು. ಬಯಲಿನಲ್ಲಿದ್ದವರೆಲ್ಲ ಅವನ ಕೈ ನೋಡುತ್ತಿದ್ದರು. ಅವನು ತಿಮ್ಮಪ್ಪಯ್ಯನವರ ಮುಖ ನೋಡಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ. ಸಾಲಿನಲ್ಲಿ ಮುಂದಿನ ನೊಗ ಯಾವುದೋ ಅದನ್ನು ನೋಡಿದ. ಅದು ನಮ್ಮದು. ಹುಟ್ಟಿನ ತುದಿಯಿಂದ ಹೊಳೆಯ ನೀರು ಆ ಹಳೆಯ ಮರದ ಮೇಲೆ ತೊಟ್ಟಿಕ್ಕಿತು.

"ದುಗ್ಗಾ!" ಎಂದರು ತಿಮ್ಮಪ್ಪಯ್ಯ.

"ನಂಗೆ ಗೊತ್ತಿರೋದು ನೊಗ ಒಡೆಯಾ," ಎಂದ ದುಗ್ಗ. "ಗಾಡಿ ಎಣಿಸೋಕೆ ನಂಗೆ ಯಾರೂ ಹೇಳಿಲ್ಲ."

ಅವತ್ತು ನಾನು ಗಂಟೆ ಹೊಡೆಯುವ ಮೊದಲೇ ಶಾಲೆಯಲ್ಲಿದ್ದೆ.

ದಿನವೂ ನೊಗ ಹೊರುವುದಾಗುವುದಿಲ್ಲವೆಂದು ಅತ್ತೆ ಅದನ್ನು ಸಂಜೆ ಹಲಸಿನ ಮರಕ್ಕೆ ಒರಗಿಸಿ ನಿಲ್ಲಿಸಿ ಬರತೊಡಗಿದಳು. ನಿಂತ ನೊಗ ನೆಲ ಮುಟ್ಟಿದಂತಲ್ಲ. ಬೆಳಿಗ್ಗೆ ಬಂದು ಮಲಗಿಸಿದಾಗಲೇ ಸರದಿ. ಇದು ದುಗ್ಗ ಕೊಟ್ಟ ತೀರ್ಪು. ನಾಲ್ಕನೆಯ ದಿನವೋ ಐದನೆಯ ದಿನವೋ, ವೀಳ್ಯದೆಲೆಯ ಬುಟ್ಟಿ ಹೊತ್ತು ಆಚೆ ಪೇಟೆಗೆ ಹೋಗುತ್ತಿದ್ದ ಚಂದಮ್ಮ ಒಂದು ನೇಗಿಲ ನೊಗ ಹೊತ್ತು ಬಂದಳು. ಅದನ್ನು ನಮ್ಮ ನೊಗದ ಪಕ್ಕಕ್ಕೇ ಹಾಕಿದಳು. ಅತ್ತೆ ತನ್ನ ಸೆರಗನ್ನು ಒಳಕ್ಕೆ ಎಳೆದುಕೊಂಡು ಒಂದು ಹೆಜ್ಜೆ ಸರಿದು ನಿಂತದ್ದನ್ನು ನಾನು ಕಂಡೆ. ಇದನ್ನು ಮೂರು ದಿನಚರಿಗಳಲ್ಲಿ ಒಂದರಲ್ಲೂ ಬರೆದಿಲ್ಲ. ಚಂದಮ್ಮ ಕೂಡ ಕಂಡಳು.

"ಅಮ್ಮಾ, ನೊಗಕ್ಕೆ ಮೈಲಿಗೆ ಇಲ್ಲ ಅಂದ್ಕೊಂಡಿದ್ದೆ," ಎಂದಳು.

ಅತ್ತೆಯ ಮುಖ ಕೆಂಪಾಯಿತು. ಸರಿದ ಹೆಜ್ಜೆಯನ್ನು ಮತ್ತೆ ಸರಿದು ಮೊದಲಿನ ಜಾಗಕ್ಕೆ ಬಂದಳು. "ಇಲ್ಲ ಮಾರಾಯ್ತಿ. ಸರಿಯಾಗಿ ಇಡು, ಓರೆ ಆಗಿದೆ" ಎಂದಳು. ಅಷ್ಟೇ. ಆಮೇಲೆ ಇಬ್ಬರೂ ದಿನವೂ ಮಾತಾಡುತ್ತಿದ್ದರು. ಹೆಚ್ಚಾಗಿ ತಿಮ್ಮಪ್ಪಯ್ಯನವರ ಕೊಡೆಯ ವಿಷಯ.

ಎರಡು ವಾರದಲ್ಲಿ ಬಯಲಿನ ತುಂಬ ನೊಗ. ಮುರಿದದ್ದು, ಗೆದ್ದಲು ಹಿಡಿದದ್ದು, ಸೌದೆಗೆ ಕಡಿದಿಟ್ಟಿದ್ದ ಮರಕ್ಕೇ ಎರಡು ಗೂಟ ಹೊಡೆದದ್ದು. ನಡೆದು ಬರುವವರೆಲ್ಲ ಒಂದೊಂದು ನೊಗ ಹೊತ್ತು ಬಂದರು. "ಇದೆಂತ ಗಾಡಿಬಯಲಾ, ಬಡಗಿ ಕೊಟ್ಟಿಗೆಯಾ!" ಎಂದು ತಿಮ್ಮಪ್ಪಯ್ಯ ತಲೆ ಚಚ್ಚಿಕೊಂಡರು. ಇಷ್ಟಾದರೂ ನನಗೆ ಎರಡು ದಿನ ತಡವಾಯಿತು. ಒಂದು ದಿನ ಹೊಳೆ ಏರಿ ದೋಣಿಯನ್ನೇ ಬಿಡಲಿಲ್ಲ, ನೀರಿಳಿದ ಮೇಲೆ ಮಧ್ಯಾಹ್ನ ದಾಟಿದೆ. ಇನ್ನೊಂದು ದಿನ ಮೆಟ್ಟಿಲಿನಲ್ಲಿ ಜಾರಿ ಬಿದ್ದು, ಪಾವಡೆ ತೊಳೆದುಕೊಂಡು ಹೋಗುವಾಗ ಗಂಟೆ ಹೊಡೆದಿತ್ತು. ಹೆಡ್ಮಾಸ್ಟರು ಎರಡು ಗೀಟು ಹಾಕಿದ್ದರು. ಉಳಿದದ್ದು ಒಂದು.

ಆಮೇಲೆ ಒಂದು ಬೆಳಿಗ್ಗೆ ಬಂದು ನೋಡಿದರೆ ಹಲಸಿನ ಮರಕ್ಕೆ ಒರಗಿಸಿದ್ದ ನಮ್ಮ ನೊಗ ಇರಲಿಲ್ಲ. ನಡೆದು ಬರುವವರು ಅಲ್ಲಿ ಬಿಟ್ಟುಹೋಗುತ್ತಿದ್ದ ಯಾವ ನೊಗವೂ ಇರಲಿಲ್ಲ. ಕೆಮ್ಮಣ್ಣಿನ ಮೆಟ್ಟಿಲುದ್ದಕ್ಕೂ ಏನನ್ನೋ ಎಳೆದ ಗೀರುಗಳು ಕೆಳಗೆ ನೀರಿನ ತನಕ ಹೋಗಿದ್ದವು. ಯಾರು ಎಳೆದರೋ ನನಗೆ ಗೊತ್ತಿಲ್ಲ. ಅವತ್ತೂ ಗೊತ್ತಾಗಲಿಲ್ಲ. ತಿಮ್ಮಪ್ಪಯ್ಯನವರ ಮುಖದಲ್ಲೂ ಆಶ್ಚರ್ಯವಿತ್ತು ಎಂದು ನನ್ನ ನೆನಪು, ಆದರೆ ಅದನ್ನು ಅವರು ಬೇಗ ಮಡಚಿ ಒಳಗಿಟ್ಟರು.

"ನೊಗ ಇಲ್ಲ, ಸರದಿ ಇಲ್ಲ," ಎಂದರು. "ಕಟ್ಟಳೆ ನೀವೇ ಓದಿ ಹೇಳಿದ್ರಲ್ಲಮ್ಮ."

ಗೌರತ್ತೆ ಹೊಳೆ ನೋಡಿದಳು. ಅಷ್ಟರಲ್ಲಿ ಏಳೆಂಟು ಗಾಡಿ ನೊಗ ಇಳಿಸಿಯಾಗಿತ್ತು. ನಾನು ಲೆಕ್ಕ ಹಾಕಿದೆ: ಐದನೆಯ ದೋಣಿ. ಹಾಜರಿ ಪುಸ್ತಕದ ಆ ಪುಟ, ನನ್ನ ಹೆಸರು, ಅದರ ಮೇಲೆ ಅಡ್ಡ ಗೀಟು ಎಲ್ಲ ಕಣ್ಣಿಗೆ ಕಟ್ಟಿತು. ಅಳು ಬಂತು. ಅತ್ತೆ ನನ್ನ ಕಡೆ ತಿರುಗಿ ಗದರಿದಳು: "ಅಳಡ. ಇವರ ಎದುರಿಗೆ ಅಳಡ."

ದುಗ್ಗ ಮೇಲೆ ಬಂದ. ಗೀರು ಹೋದ ದಾರಿಯಲ್ಲೇ ಹತ್ತಿ ಬಂದ. ಖಾಲಿ ಬುಡವನ್ನು ಒಂದು ಗಳಿಗೆ ನೋಡಿ, ನಮ್ಮ ನೊಗ ದಿನವೂ ಮಲಗುತ್ತಿದ್ದ ಜಾಗದಲ್ಲಿ ತನ್ನ ಹುಟ್ಟನ್ನು ಅಡ್ಡ ಮಲಗಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದ.

"ಎಂತ ಮಾಡ್ತಿದೀಯ ದುಗ್ಗಾ? ಮೊದಲ ಸರದಿ ಯಾರದ್ದು, ತಾಗಿಸು."

"ಎಂತದ್ರಲ್ಲಿ ತಾಗಿಸ್ಲಿ ಒಡೆಯಾ? ಹುಟ್ಟು ನೆಲದಲ್ಲಿದೆ."

"ಎತ್ತು!"

"ಎತ್ತೋಕಾಗಲ್ಲ. ಇದು ಇವತ್ತು ಈ ಅಮ್ಮನ ನೊಗ. ಇದರ ಸರದಿ ಬಂದಾಗ ಎತ್ತೋದು."

"ಅವರದ್ದು ಕೊನೆಗೆ!"

"ಕೊನೇಗಂದ್ರೆ ಕೊನೇಗೆ. ನಾ ಕಾಯ್ತೀನಿ." ಎಲೆ ಬಾಯಿಗಿಟ್ಟ. "ಅಲ್ಲೀ ತನಕ ದೋಣಿನ ನೀವೇ ಕೈಯಲ್ಲಿ ಬಡ್ಕೊಂಡು ಹೋಗಿ."

ಆಚೆ ದಡದಿಂದ ಇದ್ದಿಲ ಹೊಗೆ ಏಳುವುದು ಕಾಣಿಸಿತು. ಕಂಡಕ್ಟರು ತಿದಿ ತಿರುಗಿಸಲು ಹಿಡಿದಿದ್ದ. ಅದನ್ನು ಕಂಡದ್ದೇ ಕಮಾನುಗಳ ಒಳಗಿನಿಂದ ಕೂಗು ಶುರುವಾಯಿತು. ಮೊದಲ ದಿನ ಚಕ್ರದ ಮಾತಾಡಿದ್ದನಲ್ಲ, ಅವನೇ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ: "ಆ ಕೂಸನ್ನ ಮೊದ್ಲು ಹತ್ತಿಸಿ ಮಾರಾಯ್ರೇ! ನಿಮ್ಮ ಕಟ್ಟಳೆಗೆ ಬೆಂಕಿ ಬಿತ್ತು, ನಮ್ಮ ಬಸ್ಸು ಹೋಗತ್ತೆ!"

ತಿಮ್ಮಪ್ಪಯ್ಯ ಕೊಡೆ ಮುಚ್ಚಿದರು, ಮತ್ತೆ ಬಿಚ್ಚಿದರು. ಆಮೇಲೆ ಬೇರೆ ಕಡೆ ನೋಡುತ್ತ ಕೈಯಾಡಿಸಿದರು. ದುಗ್ಗ ಬಗ್ಗಿ ಹುಟ್ಟೆತ್ತಿ ನನ್ನ ಕೈಗೇ ಕೊಟ್ಟ. "ನಿನ್ನ ನೊಗ, ನೀನೇ ಹೊತ್ಕೊಂಡು ಇಳಿ" ಎಂದ. ಇದರಲ್ಲಿ ನನಗೆ ಅನುಮಾನವಿಲ್ಲ. ಅದರ ಒದ್ದೆ ಭಾರ, ಅವನ ಕೈಯ ಹೊಗೆಸೊಪ್ಪಿನ ವಾಸನೆ ಇನ್ನೂ ನನ್ನ ಅಂಗೈಯಲ್ಲಿದೆ. ಮೊದಲ ದೋಣಿಯಲ್ಲಿ ನಾನು, ಚಂದಮ್ಮ, ಅವಳ ಬುಟ್ಟಿ, ನಡೆದು ಬಂದ ಇನ್ನಿಬ್ಬರು, ಉಳಿದ ಜಾಗದಲ್ಲಿ ಕಮಾನು ಗಾಡಿಯವರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅತ್ತೆ ದಡದಲ್ಲೇ ನಿಂತಿದ್ದಳು. ಪ್ರಾರ್ಥನೆ ನಡೆಯುತ್ತಿರುವಾಗ ನಾನು ಶಾಲೆಯ ಅಂಗಳ ಸೇರಿದೆ. ಹೆಡ್ಮಾಸ್ಟರು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು.

ಅಂದಿನಿಂದ ಪ್ರತಿ ದೋಣಿಯಲ್ಲೂ ನಡೆದು ಬಂದವರಿಗೆ ನಾಲ್ಕು ಜಾಗ ಎಂದಾಯಿತು. ಮುಂದಿನ ವರ್ಷ ಗುತ್ತಿಗೆ ಬೇರೆಯವರಿಗೆ ಹೋದ ಮೇಲೂ ಅದು ಉಳಿಯಿತೋ ಇಲ್ಲವೋ ಹೇಳಲಾರೆ. ಉಳಿಯಿತು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ, ಅದಕ್ಕಾಗಿಯೇ ಬರೆಯುತ್ತಿಲ್ಲ. ಗೌರತ್ತೆ ನವರಾತ್ರಿಗೆ ಎಡೇಹಳ್ಳಿಗೆ ಮರಳಿದಳು. ನಾನು ಲೋವರ್ ಸೆಕೆಂಡರಿ ಪಾಸು ಮಾಡಿದೆ, ಹೈಸ್ಕೂಲಿಗೆ ಹೋದೆ, ಮೈಸೂರಿಗೆ ಹೋದೆ. ಅಪ್ಪಯ್ಯ ಮುಂದಿನ ಬೇಸಿಗೆಯಲ್ಲಿ ಹೊಸ ನೊಗ ಕೆತ್ತಿಸುವಾಗ ಬಡಗಿಗೆ "ಸ್ವಲ್ಪ ಹಗುರಾಗಿರ್ಲಿ" ಎಂದರಂತೆ. ಅಮ್ಮ ಹೇಳುತ್ತಿದ್ದಳು. ಅಮ್ಮನ ನೆನಪೂ ನನ್ನದರಂತೆಯೇ.

ಈಗ ಆ ಎರಡು ಮೈಲಿ.

ಬಿ.ಎ. ಓದುವಾಗ ಬರೆದ ಪುಸ್ತಕದಲ್ಲಿ, ನಾನು ನೊಗದ ಹಿಂದಿನ ತುದಿಗೆ ಹೆಗಲು ಕೊಟ್ಟು ನಡೆದೆನೆಂದು ಇದೆ. ಭಾರ ಒತ್ತಿದ್ದನ್ನು, ಹೆಗಲು ಕೆಂಪಾದದ್ದನ್ನು ಚೆನ್ನಾಗಿಯೇ ಬರೆದಿದ್ದೇನೆ. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಬೇರೆ. ಕೆಸರು ದಾರಿ, ಅತ್ತೆಯ ಬೆನ್ನು, ಅವಳ ಹಿಮ್ಮಡಿ, ಹೆಗಲ ಮೇಲಿನ ನೊಗ, ನೊಗದ ಎರಡೂ ತುದಿ. ಎರಡೂ ತುದಿ ಕಾಣುತ್ತವೆ. ಹಿಂದಿನ ತುದಿಯ ಕೆಳಗೆ ಇದ್ದವಳಿಗೆ ಎರಡು ತುದಿ ಹೇಗೆ ಕಂಡೀತು? ತಿರುವಿನಲ್ಲಿ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು, ಅದರೊಳಗೆ ನನ್ನ ತರಗತಿಯ ಹುಡುಗರಿದ್ದರು. ಅವರು ಅತ್ತೆಯನ್ನು ನೋಡಿ ನಕ್ಕರು, ನನ್ನನ್ನು ನೋಡಿ ನಗಲಿಲ್ಲ. ಯಾಕೆ ನಗಲಿಲ್ಲ? ನಾನು ಮಳೆಗೆಂದು ತಲೆಗೆ ಹೊದ್ದ ಗೊರಬನ್ನು ಮುಖದ ಮೇಲಕ್ಕೆ ಎಳೆದುಕೊಂಡು, ಇಪ್ಪತ್ತು ಮಾರು ಹಿಂದೆ, ಬೇಲಿಯ ಹೂವು ನೋಡುತ್ತ ನಿಂತಿದ್ದೆನೇ? ಬಯಲಿನಲ್ಲಿ ನನ್ನನ್ನು ತೋರಿಸುವಾಗ ಅತ್ತೆ ಕೈ ಚಾಚಿದ್ದೂ ಅಷ್ಟು ದೂರಕ್ಕೇ ಏನೋ.

ಶೃಂಗೇರಿಯ ಬಯಲಿನಲ್ಲಿ ತಮ್ಮ ಗುಡ್ಡ ನೋಡುತ್ತ ನಿಂತ ಬಗೆ ನನಗೆ ಯಾಕೆ ಅಷ್ಟು ಪರಿಚಿತವೆನಿಸಿತು ಎಂಬುದು ಹೊಳೆದ ಮೇಲೆ ನಾನು ಅವನನ್ನು ಬೈಯಲಿಲ್ಲ. ಅಲ್ಲಿಂದ ನೇರವಾಗಿ ನರಸಿಂಹರಾಜಪುರಕ್ಕೆ ಕರೆದುಕೊಂಡು ಹೋಗು ಎಂದೆ. ಅತ್ತೆಯ ಮನೆಯ ಹೊಸ್ತಿಲಿಗೇ ಕಾರು ತಾಗುವಂತೆ ನಿಲ್ಲಿಸಿದ. ಈಗಲೂ ಅವಳ ಕಿವಿ ಸರಿಯಾಗಿದೆ, ಮಂಡಿ ಸರಿಯಿಲ್ಲ. ಕಿಟಕಿಯಿಂದಲೇ ನೋಡಿ, "ಒಳಗೇ ತಂದುಬಿಡಿ, ಅಡಿಗೆಮನೇಲಿ ಜಾಗ ಉಂಟು" ಎಂದಳು.

ಊಟವಾಯಿತು. ಸೀಟಿಯವನ ಕಥೆ ಹೇಳಿದೆ. ಕೆಮ್ಮು ಬರುವವರೆಗೆ ನಕ್ಕಳು. ದುಗ್ಗನ, ಚಂದಮ್ಮನ ಸುದ್ದಿ ಕೇಳಿದಳು. ತಿಮ್ಮಪ್ಪಯ್ಯನವರ ಕೊಡೆಯನ್ನೂ ಕೇಳಿದಳು. ತಮ್ಮ ಕೈ ತೊಳೆಯಲು ಎದ್ದಾಗ ನಾನು ಕೇಳಿಯೇಬಿಟ್ಟೆ. ಅವಳು ನನ್ನ ಮುಖ ನೋಡಿದಳು. ಆಮೇಲೆ, "ಮಜ್ಜಿಗೆ ಹಾಕ್ಕಳಲ್ಲೆ ನೀನು" ಎಂದು ಪಾತ್ರೆ ಮುಂದೆ ಸರಿಸಿದಳು. ಊರಿಗೆ ಬಂದು ಅದನ್ನೇ ಕಾಗದದಲ್ಲೂ ಬರೆದೆ. ಮೊಮ್ಮಗಳ ಕೈಯಲ್ಲಿ ಬರೆಸಿದ ಕಾರ್ಡು ಹೋದ ವಾರ ಬಂತು. ಮಳೆ ಹಿಡಿದಿದೆ, ಮಂಡಿ ನೋವು ಹಾಗೇ ಇದೆ, ತಮ್ಮನಿಗೆ ಆಶೀರ್ವಾದ ಎಂದಿದೆ. ನಾನು ಕೇಳಿದ್ದರ ಬಗ್ಗೆ ಒಂದಕ್ಷರವಿಲ್ಲ. ನನ್ನನ್ನು ಕಾಪಾಡುತ್ತಿದ್ದಾಳೋ, ಶಿಕ್ಷಿಸುತ್ತಿದ್ದಾಳೋ ತಿಳಿಯದು. ಎರಡೂ ನನಗೆ ಬೇಡ. ನಾಳೆ ಇನ್ನೊಂದು ಕಾಗದ ಹಾಕುತ್ತೇನೆ. ಅದರಲ್ಲೂ ಇಷ್ಟೇ ಇರುತ್ತದೆ:

"ಗೌರತ್ತೆ, ಅವತ್ತು ನೊಗದ ಹಿಂದಿನ ತುದಿ ಯಾರ ಹೆಗಲ ಮೇಲಿತ್ತು?"